ಸ್ಕಾಟಿಷ್ ಮನೆತನದ ಹೆಸರಿನ ಬೇರು ಹುಡುಕುವುದು ಹೇಗೆ?

ಬೆಂಗಳೂರಿನ ಫ್ರೇಜರ್ ಟೌನ್ ಕಾಗದದ ಮೇಲೆ ಪುಲಕೇಶಿನಗರ ಆಗಿದೆ. ಆಟೋ ಹತ್ತಿದವರು ಮಾತ್ರ ಇವತ್ತಿಗೂ ಫ್ರೇಜರ್ ಟೌನ್ ಅಂತಲೇ ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಚಿಕ್ಕವರಿದ್ದಾಗ ಗುರುವಾಗಿದ್ದ, ಮುಂದೆ ಮೈಸೂರಿನ ರೆಸಿಡೆಂಟ್ (ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಆದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಅದು. ಹೆಸರು ಎಲ್ಲಿಂದ ಬಂತು ಎಂದು ಕೇಳಿ ನೋಡಿ. ‘ಫ್ರೆಂಚ್‌ನಲ್ಲಿ ಫ್ರೇಜ್ ಅಂದ್ರೆ ಸ್ಟ್ರಾಬೆರಿ, ಅದರಿಂದ ಫ್ರೇಜರ್’ ಎಂಬ ಉತ್ತರ ತಟ್ಟನೆ ಬರುತ್ತದೆ. ಈ ಉತ್ತರವನ್ನು ಹಲವರು ಹಾಗೇ ನಕಲು ಮಾಡಿ ಬರೆಯುವುದನ್ನು ನೋಡಿದ್ದೇನೆ. ಹೆಸರಿನ ಬಗ್ಗೆ ಆಸಕ್ತಿ ಇರುವವರೇ ಹೀಗೆ ಅವಸರ ಮಾಡಿದರೆ ಬೇಸರವಾಗುತ್ತದೆ. ಅದಕ್ಕೇ ಫ್ರೇಜರ್ ಹೆಸರನ್ನೇ ಇಟ್ಟುಕೊಂಡು ಸರಿಯಾದ ದಾರಿ ಹೇಳುತ್ತೇನೆ. ಬೇರೆ ಯಾವ ಸ್ಕಾಟಿಷ್ ಹೆಸರಿಗೂ ಇದೇ ದಾರಿ.

ಹಂತ 1: ಕಾಗುಣಿತಗಳನ್ನು ಪಟ್ಟಿ ಮಾಡಿ

ಹಳೆಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಫ್ರೇಸರ್, ಫ್ರೇಜರ್, ಫ್ರೇಜಿಯರ್, ಫ್ರಿಸೆಲ್, ಫ್ರಿಜೆಲ್, ಫ್ರೆಸೆಲ್ ಎಲ್ಲ ಒಂದೇ ಗುಂಪಿನವು. ಸ್ಕಾಟ್ಲೆಂಡಿನ ಗುಡ್ಡಗಾಡಿನ ಹಳೆಯ ಭಾಷೆಯಾದ ಗೇಲಿಕ್‌ನ ರೂಪವನ್ನೂ ಬರೆದುಕೊಳ್ಳಿ: ಫ್ರಿಶೆಲ್. ಇದು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಹಂತ 2: ಹೆಸರು ಯಾವ ಬಗೆಯದು ಎಂದು ಊಹಿಸಿ

ಸ್ಕಾಟಿಷ್ ಹೆಸರುಗಳು ಹೆಚ್ಚುಕಡಿಮೆ ನಾಲ್ಕು ಬಗೆ. ಊರು ಅಥವಾ ಸೀಮೆಯಿಂದ ಬಂದದ್ದು: ಮರೇ ಎಂಬುದು ಮೊರೇ ಸೀಮೆಯಿಂದ. ಅಪ್ಪನ ಹೆಸರಿನಿಂದ ಬಂದದ್ದು: ಮೆಕೆಂಝಿ ಅಂದರೆ ಕೆನೆತ್‌ನ ಮಗ. ಮೈಕಟ್ಟು ನೋಡಿ ಇಟ್ಟದ್ದು: ಕ್ಯಾಂಬೆಲ್ ಅಂದರೆ ಸೊಟ್ಟ ಬಾಯಿಯವನು, ಕ್ಯಾಮರೂನ್ ಅಂದರೆ ಸೊಟ್ಟ ಮೂಗಿನವನು. ಕೊನೆಯದು ಕಸುಬಿನಿಂದ ಬಂದದ್ದು: ಮೆಕಿಂಟೈರ್ ಅಂದರೆ ಬಡಗಿಯ ಮಗ. ಹುಬ್ಬಳ್ಳಿ ಕಡೆಯ ಬಡಿಗೇರ ಮನೆತನದ ಹಾಗೆ. ಇವತ್ತು ಆ ಮನೆಯವರು ಬ್ಯಾಂಕಿನಲ್ಲಿರಬಹುದು, ಹೆಸರು ಮಾತ್ರ ಉಳಿದಿದೆ.

ಇದು ಬರೀ ಊಹೆ. ಪೆನ್ಸಿಲ್‌ನಲ್ಲಿ ಬರೆಯಿರಿ.

ಹಂತ 3: ಅತಿ ಹಳೆಯ ದಾಖಲೆಯಿಂದ ಶುರು ಮಾಡಿ

ಜನ ಎಡವುವುದು ಇಲ್ಲೇ. ಅರ್ಥ ಮೊದಲು ಹುಡುಕುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಇತಿಹಾಸ ಹುಡುಕುತ್ತಾರೆ. ತಿರುಗಿಸಿ ಮಾಡಿ. ಮೊದಲು ದಾಖಲೆ, ಅದರಲ್ಲಿರುವ ಕಾಗುಣಿತ, ಊರು. ಅರ್ಥ ಕೊನೆಗೆ.

ಇದಕ್ಕೆ ನಾನು ಮೊದಲು ತೆರೆಯುವುದು ಜಾರ್ಜ್ ಬ್ಲ್ಯಾಕ್ ಅವರ ಸ್ಕಾಟಿಷ್ ಮನೆತನದ ಹೆಸರುಗಳ ನಿಘಂಟು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಅದನ್ನು 1946ರಲ್ಲಿ ಪ್ರಕಟಿಸಿತು. ಹಳೆಯದಾದರೂ ಪ್ರತಿ ಹೆಸರಿಗೂ ಯಾವ ವರ್ಷ, ಯಾವ ಊರಲ್ಲಿ, ಹೇಗೆ ಬರೆದಿದ್ದರು ಎಂಬುದನ್ನು ಕೊಡುತ್ತದೆ. ‘ನಿಮ್ಮ ಹೆಸರು ಟೈಪ್ ಮಾಡಿ, ಅರ್ಥ ತಿಳಿಯಿರಿ’ ಎನ್ನುವ ಜಾಲತಾಣಗಳನ್ನು ನಂಬಬೇಡಿ. ಒಂದು ಕಡೆ ಇದ್ದ ತಪ್ಪನ್ನೇ ಇನ್ನೊಂದು ಕಡೆ ಎತ್ತಿ ಹಾಕಿರುತ್ತಾರೆ.

ಈಗ ಫ್ರೇಜರ್. ಸ್ಕಾಟ್ಲೆಂಡಿನಲ್ಲಿ ಈ ಹೆಸರು ಮೊದಲು ಕಾಣುವುದು ಸುಮಾರು 1160ರಲ್ಲಿ. ಸೈಮನ್ ಫ್ರೇಜರ್ ಎಂಬಾತ ಈಸ್ಟ್ ಲೋಥಿಯನ್ ಸೀಮೆಯ ಕೀತ್‌ನಲ್ಲಿದ್ದ ಚರ್ಚನ್ನು ಕೆಲ್ಸೊ ಮಠದ ಸನ್ಯಾಸಿಗಳಿಗೆ ದಾನ ಕೊಟ್ಟ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಜಾಗ. ಈಸ್ಟ್ ಲೋಥಿಯನ್ ಇರುವುದು ಎಡಿನ್‌ಬರೋ ಪಕ್ಕದಲ್ಲಿ, ದಕ್ಷಿಣದ ಬಯಲು ಸೀಮೆಯಲ್ಲಿ. ಫ್ರೇಜರ್ ಅಂದರೆ ಗುಡ್ಡಗಾಡಿನ ಕುಲ, ಇನ್ವರ್ನೆಸ್ ಕಡೆಯವರು ಎಂಬ ಚಿತ್ರ ನಮ್ಮ ತಲೆಯಲ್ಲಿದೆ ಅಲ್ವಾ? ಅವರು ಅಲ್ಲಿ ನೆಲೆಯೂರಿದ್ದು ಆಮೇಲೆ. ಎರಡು, ಕಾಗುಣಿತ. ಹಳೆಯ ರೂಪಗಳಲ್ಲಿ ಹೆಸರಿನ ಹಿಂದೆ ‘ದ’ ಎಂಬ ಫ್ರೆಂಚ್ ತುಣುಕು ಇದೆ, ಕೊನೆಯಲ್ಲಿ ‘ಲ್’ ಇದೆ: ದ ಫ್ರೆಸೆಲ್, ದ ಫ್ರಿಸೆಲ್. ‘ದ’ ಎಂದರೆ ಇಂಥ ಊರಿನವನು. ಅಂದರೆ ಫ್ರಾನ್ಸಿನ ಯಾವುದೋ ಊರಿನ ಕಡೆ ಅದು ಕೈ ತೋರಿಸುತ್ತದೆ. ಆ ಊರು ಇದೇ ಎಂದು ವಿದ್ವಾಂಸರು ಇನ್ನೂ ಗುರುತಿಸಿಲ್ಲ.

ಹಾಗಾದರೆ ಸ್ಟ್ರಾಬೆರಿ? ಫ್ರೆಂಚ್ ರಾಜನೊಬ್ಬನಿಗೆ ಒಂದು ತಟ್ಟೆ ಸ್ಟ್ರಾಬೆರಿ ಬಡಿಸಿದವನಿಗೆ ಈ ಹೆಸರು ಸಿಕ್ಕಿತು ಎಂಬ ಕಥೆ ಇದೆ. ಈ ಮನೆತನದ ಲಾಂಛನದಲ್ಲಿ ನೀಲಿಯ ಮೇಲೆ ಬೆಳ್ಳಿಬಣ್ಣದ ಸ್ಟ್ರಾಬೆರಿ ಹೂವುಗಳೂ ಇವೆ. ಜನ ಅದನ್ನೇ ಸಾಕ್ಷಿ ಮಾಡುತ್ತಾರೆ. ಆದರೆ ಹೆಸರಿನ ಸದ್ದಿಗೆ ಹೊಂದುವ ಚಿತ್ರವನ್ನು ಲಾಂಛನಕ್ಕೆ ಹಾಕುವುದು ಆಗಿನ ವಾಡಿಕೆ. ಹೆಸರು ಮೊದಲೇ ಇತ್ತು, ಹೂವು ಆಮೇಲೆ ಬಂತು. ಹಳೆಯ ರೂಪದ ಕೊನೆಯ ‘ಲ್’ ಕೂಡ ಸ್ಟ್ರಾಬೆರಿ ಕಥೆಗೆ ಒಗ್ಗುವುದಿಲ್ಲ. ಗೇಲಿಕ್ ರೂಪ ಬರೆದುಕೊಳ್ಳಿ ಅಂದೆನಲ್ಲ, ನೋಡಿ, ಫ್ರಿಶೆಲ್‌ನಲ್ಲಿ ಆ ‘ಲ್’ ಇವತ್ತಿಗೂ ಉಳಿದಿದೆ. ಹಾಗಾಗಿ ಅರ್ಥದ ಕಾಲಂನಲ್ಲಿ ‘ಫ್ರೆಂಚ್ ಮೂಲ, ಬಹುಶಃ ಊರ ಹೆಸರು’ ಎಂದಷ್ಟೇ ಬರೆಯಿರಿ. ಅದಕ್ಕಿಂತ ಜಾಸ್ತಿ ಬೇಡ.

ಲಾಂಛನದ ಮಾತು ಬಂತು, ಒಂದು ಎಚ್ಚರಿಕೆ. ‘ನಿಮ್ಮ ಮನೆತನದ ಲಾಂಛನ’ ಎಂದು ಮಗ್ಗು, ಫಲಕ, ಕೀಚೈನ್ ಮಾರುತ್ತಾರೆ. ದುಡ್ಡು ಹಾಕಬೇಡಿ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಇಡೀ ಹೆಸರಿಗೆ ಸೇರಿದ್ದಲ್ಲ. ಅದನ್ನು ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಅವರ ನ್ಯಾಯಾಲಯವೇ ಇದೆ.

ಹಂತ 4: ಹೆಸರು ಇದ್ದವರೆಲ್ಲ ಒಂದೇ ರಕ್ತದವರು ಎಂದುಕೊಳ್ಳಬೇಡಿ

ಫ್ರೇಜರ್‌ಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದು ಈಶಾನ್ಯ ಕರಾವಳಿಯ ಫಿಲಾರ್ತ್ ಮನೆತನ. ಫ್ರೇಜರ್‌ಬರೋ ಪಟ್ಟಣ ಕಟ್ಟಿದವರು ಅವರೇ. ಇನ್ನೊಂದು ಇನ್ವರ್ನೆಸ್ ಹತ್ತಿರದ ಲೊವಾಟ್ ಮನೆತನ. 1747ರಲ್ಲಿ ಲಂಡನ್ನಿನ ಟವರ್ ಹಿಲ್‌ನಲ್ಲಿ ತಲೆ ಕಡಿಸಿಕೊಂಡ ಲಾರ್ಡ್ ಲೊವಾಟ್ ಈ ಕವಲಿನವನು. ಬ್ರಿಟನ್ನಿನಲ್ಲಿ ಆ ಶಿಕ್ಷೆಗೆ ಗುರಿಯಾದ ಕೊನೆಯವನು ಅವನೇ.

ಈ ಎರಡು ಮನೆಗಳಿಗೂ ಸೇರದ ಫ್ರೇಜರ್‌ಗಳೂ ಬೇಕಾದಷ್ಟು ಇದ್ದರು. ಗುಡ್ಡಗಾಡಿನಲ್ಲಿ ಒಕ್ಕಲುಗಳು ಮುಖ್ಯಸ್ಥನ ಹೆಸರನ್ನೇ ಇಟ್ಟುಕೊಳ್ಳುವುದು ಮಾಮೂಲಾಗಿತ್ತು. ಒಂದು ಅಳತೆ ಹಿಟ್ಟಿಗಾಗಿ ಫ್ರೇಜರ್ ಆದವರು ಎಂಬ ಮಾತೇ ಅಲ್ಲಿದೆ. ಫ್ರೇಜರ್ ಹೆಸರನ್ನು ಒಪ್ಪಿಕೊಂಡವರಿಗೆ ಲೊವಾಟ್ ಮನೆಯವರು ಹಿಟ್ಟು ಕೊಡುತ್ತಿದ್ದರು ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಹಸಿದ ವರ್ಷಗಳಲ್ಲಿ ಹಾಗೆ ಹೆಸರು ಬದಲಿಸಿದವರನ್ನು ಸುಳ್ಳು ಫ್ರೇಜರ್ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಅದೇ ಹೆಸರಲ್ಲಿ ಬಾಳಿದ್ದಾರೆ.

ಬಲವಂತದ ಬದಲಾವಣೆಯೂ ಇದೆ. 1603ರಲ್ಲಿ ಮೆಗ್ರೆಗರ್ ಎಂಬ ಹೆಸರನ್ನೇ ನಿಷೇಧಿಸಿದರು. ಮಧ್ಯೆ ಕೆಲವು ದಶಕ ಬಿಟ್ಟರೆ 1774ರವರೆಗೆ ಆ ನಿಷೇಧ ಇತ್ತು. ಆ ಕಾಲದಲ್ಲಿ ಅವರಲ್ಲಿ ಅನೇಕರು ಮರೇ, ಗ್ರಾಂಟ್, ಡ್ರಮಂಡ್ ಆಗಿ ಬದುಕಿದರು. ಹೀಗಾಗಿ ಹೆಸರು ಕಂಡ ಕೂಡಲೇ ಕುಲದ ಮುಖ್ಯಸ್ಥನಿಗೆ ಗೆರೆ ಎಳೆಯಬೇಡಿ.

ಹಂತ 5: ಕುಟುಂಬದ ದಾಖಲೆ ತೆಗೆಸಿ

ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ಜಾಲತಾಣ ಸಾಕು. ಜನನ, ಮದುವೆ, ಮರಣದ ಕಡ್ಡಾಯ ನೋಂದಣಿ ಅಲ್ಲಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದು ಚರ್ಚಿನ ಪುಸ್ತಕಗಳಲ್ಲಿದೆ. ಅವುಗಳಲ್ಲಿ ಅತಿ ಹಳೆಯದು 1553ರದು. ಹುಡುಕಲು ದುಡ್ಡಿಲ್ಲ, ದಾಖಲೆಯ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಕೊಳ್ಳಿ. ಸೂಚಿ ಮಾತ್ರ ನೋಡಿ ಬಿಡಬೇಡಿ, ಅದು ಇನ್ಯಾರೋ ಓದಿ ಟೈಪ್ ಮಾಡಿದ್ದು. 1855ನೇ ವರ್ಷದ ಪ್ರಮಾಣಪತ್ರ ಸಿಕ್ಕರೆ ಬಿಡಲೇಬೇಡಿ. ಆ ಒಂದು ವರ್ಷ ಕೇಳಿದಷ್ಟು ವಿವರವನ್ನು ಮುಂದೆ ಕೇಳಲಿಲ್ಲ.

ಹೆಂಗಸರ ಎಳೆಯನ್ನೂ ಹಿಡಿಯಿರಿ. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದವಳ ತವರಿನ ಹೆಸರು ಸಾಮಾನ್ಯವಾಗಿ ಉಳಿದಿರುತ್ತದೆ. ಗಂಡಸರ ಹೆಸರನ್ನಷ್ಟೇ ಹುಡುಕುವವರು ಅರ್ಧ ಮನೆತನವನ್ನೇ ಕಳೆದುಕೊಳ್ಳುತ್ತಾರೆ.

ಹಂತ 6: ಎಷ್ಟು ಜನ, ಎಲ್ಲೆಲ್ಲಿ?

ಒಟ್ಟು ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ. ದೊಡ್ಡ ಊರಲ್ಲಿ ಎಲ್ಲ ಹೆಸರೂ ಜಾಸ್ತಿಯೇ ಇರುತ್ತದೆ. ಅಲ್ಲಿನ ಜನಸಂಖ್ಯೆಗೆ ಭಾಗಿಸಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: 2,000 ಜನರ ಪ್ಯಾರಿಷ್‌ನಲ್ಲಿ (ಒಂದು ಚರ್ಚಿಗೆ ಸೇರಿದ ಪ್ರದೇಶ) 60 ಫ್ರೇಜರ್‌ಗಳು, 2,00,000 ಜನರ ನಗರದಲ್ಲಿ 600. ನಗರದಲ್ಲಿ ಹತ್ತು ಪಟ್ಟು ಜನ ಇದ್ದಾರೆ. ಆದರೆ ಪ್ಯಾರಿಷ್‌ನಲ್ಲಿ ನೂರಕ್ಕೆ 3, ನಗರದಲ್ಲಿ ಸಾವಿರಕ್ಕೆ 3. ಬೇರು ಹುಡುಕಬೇಕಾದದ್ದು ಪ್ಯಾರಿಷ್‌ನಲ್ಲಿ.

ಈ ಲೆಕ್ಕಕ್ಕೆ 1881ರ ಜನಗಣತಿ ನನಗೆ ಇಷ್ಟ. ಅದರ ಸೂಚಿ ಸುಲಭವಾಗಿ ಸಿಗುತ್ತದೆ. ಸಿಕ್ಕಿದ್ದನ್ನು ಸೀಮೆವಾರು ನಕ್ಷೆಯ ಮೇಲೆ ಗುರುತಿಸಿ. ಇಂದಿನ ಚಿತ್ರಕ್ಕೆ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಇಲಾಖೆ ಕೊಡುವ ಸಾಮಾನ್ಯ ಹೆಸರುಗಳ ಪಟ್ಟಿ ನೋಡಿ. ದೇಶಕ್ಕೆಲ್ಲ ಸ್ಮಿತ್, ಬ್ರೌನ್, ವಿಲ್ಸನ್ ಮುಂದಿರುತ್ತವೆ. ಪಶ್ಚಿಮ ದ್ವೀಪಗಳಿಗೆ ಹೋದರೆ ಮೆಕ್ಲೌಡ್‌ನದೇ ರಾಜ್ಯ. ದೇಶದ ಪಟ್ಟಿ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಹೊರದೇಶಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕೆನಡಾದ ಫ್ರೇಜರ್ ನದಿಗೆ ಹೆಸರು ಕೊಟ್ಟ ಸೈಮನ್ ಫ್ರೇಜರ್ 1808ರಲ್ಲಿ ಆ ನದಿಯಲ್ಲಿ ಸಮುದ್ರದ ಹತ್ತಿರದವರೆಗೆ ಸಾಗಿದವನು. 1160ರ ಸೈಮನ್ ಬೇರೆ, ಇವನು ಬೇರೆ. ಈ ಮನೆತನದಲ್ಲಿ ಸೈಮನ್‌ಗಳು ತುಂಬಾ ಜನ. ಹಾಗಾಗಿ ಪ್ರತಿ ಸೈಮನ್ ಮುಂದೆ ವರ್ಷ, ಊರು ಎರಡನ್ನೂ ಬರೆಯದೆ ಮುಂದಿನ ಸಾಲಿಗೆ ಹೋಗಬೇಡಿ. ಅಮೆರಿಕದಲ್ಲಿ ಹುಡುಕುವಾಗ ಫ್ರೇಜಿಯರ್ ಎಂಬ ಕಾಗುಣಿತವನ್ನೂ ಸೇರಿಸಿ, ಅಲ್ಲಿ ಅದು ಸಾಕಷ್ಟು ಬಳಕೆಯಲ್ಲಿದೆ.