ರಾವಗೆಡೆಯ ಎರಡು ಲೆಕ್ಕ: ವಸಾಹತು ಸೇನೆಯ ವರದಿಗಳನ್ನು ನಾನು ಓದುವ ಬಗೆ

ಇಂಡೊನೇಷ್ಯಾದಲ್ಲಿ 1945ರಿಂದ 1949ರವರೆಗೆ ಡಚ್ಚರು ನಡೆಸಿದ ಯುದ್ಧದ ಕಾಗದಪತ್ರ ಕೈಗೆ ಬಂದರೆ, ಹೆಣಗಳ ಲೆಕ್ಕಕ್ಕಿಂತ ಮೊದಲು ಬಂದೂಕುಗಳ ಲೆಕ್ಕ ನೋಡುತ್ತೇನೆ. ಸತ್ತ ಶತ್ರುಗಳೆಷ್ಟು, ಗಾಯಗೊಂಡವರು ಮತ್ತು ಸೆರೆಸಿಕ್ಕವರೆಷ್ಟು, ವಶವಾದ ಆಯುಧವೆಷ್ಟು, ತಮ್ಮ ಕಡೆ ಸತ್ತವರೆಷ್ಟು: ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಹೆಣಗಳು ರಾಶಿ, ಬಂದೂಕು ಬೆರಳೆಣಿಕೆ, ಗಾಯಾಳುಗಳೇ ಇಲ್ಲ ಎಂದಾದರೆ ಅದನ್ನು ಕಾಳಗ ಎನ್ನಲು ಕೈ ಬರುವುದಿಲ್ಲ. ನಿಜವಾದ ಗುಂಡಿನ ಚಕಮಕಿಯಲ್ಲಿ ಸತ್ತವರಿಗಿಂತ ಗಾಯಗೊಂಡವರೇ ಹೆಚ್ಚಿರುವುದು ವಾಡಿಕೆ. ಇಲ್ಲೊಂದು ಎಡವಟ್ಟಿದೆ. ಗೆರಿಲ್ಲಾಗಳು ಆಯುಧವನ್ನೂ ಗಾಯಾಳುಗಳನ್ನೂ ಹೊತ್ತೊಯ್ಯುತ್ತಾರೆ. ಹಾಗಾಗಿ ಒಂದೇ ವರದಿ ಹಿಡಿದು ತೀರ್ಪು ಕೊಡಬಾರದು. ಅದೇ ತುಕಡಿಯ ಹಲವು ವಾರಗಳ ವರದಿಗಳನ್ನು ಒಟ್ಟಿಗಿಟ್ಟು ನೋಡಬೇಕು.

ಪಶ್ಚಿಮ ಜಾವಾದ ರಾವಗೆಡೆಯನ್ನೇ ತೆಗೆದುಕೊಳ್ಳಿ. 1947ರ ಡಿಸೆಂಬರ್ 9ರಂದು ಡಚ್ ಸೈನಿಕರು ಲುಕಾಸ್ ಕುಸ್ತಾರ್ಯೊ ಎಂಬ, ಸ್ವಾತಂತ್ರ್ಯ ಸಾರಿದ್ದ ಇಂಡೊನೇಷ್ಯಾ ಗಣರಾಜ್ಯದ ಸೇನೆಯ ಕ್ಯಾಪ್ಟನ್‌ನನ್ನು ಹುಡುಕುತ್ತ ಬಂದರು. ಆತ ಸಿಗಲಿಲ್ಲ. ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಡಚ್ಚರ ಕಡೆ ಒಬ್ಬರೂ ಸಾಯಲಿಲ್ಲ. ಸತ್ತವರು 150 ಎಂದು ಡಚ್ ಸರ್ಕಾರದ ಲೆಕ್ಕ, 431 ಎಂದು ಊರವರ ಲೆಕ್ಕ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವವರಿದ್ದಾರೆ, ಅದು ಶುದ್ಧ ಅವಿವೇಕ. ಎಣಿಸಿದವರು ಯಾರು, ಯಾವಾಗ ಎಣಿಸಿದರು ಎಂದು ಪಕ್ಕದಲ್ಲೇ ಬರೆದು ಎರಡನ್ನೂ ಹಾಗೇ ಇಡುತ್ತೇನೆ. ಆಮೇಲೆ ಮೂರನೆಯವರ ಕಾಗದ ಹುಡುಕುತ್ತೇನೆ. ಇಲ್ಲಿ ಅದು ಸಿಗುತ್ತದೆ: ವಿಶ್ವಸಂಸ್ಥೆಯ ಸಮಿತಿಯ ವೀಕ್ಷಕರು ಈ ಕೃತ್ಯ ಉದ್ದೇಶಪೂರ್ವಕ, ನಿರ್ದಯ ಎಂದು 1948ರ ಜನವರಿಯಲ್ಲೇ ಬರೆದಿದ್ದರು. ಹೇಗ್‌ನ ನ್ಯಾಯಾಲಯ ಡಚ್ ಸರ್ಕಾರವನ್ನು ಹೊಣೆ ಮಾಡಿದ್ದು 2011ರಲ್ಲಿ.

ಹುಡುಕಾಟ ಕೆಡುವುದು ಹೆಚ್ಚಾಗಿ ಕಾಗುಣಿತದಿಂದ. ಹಳೆಯ ಕಡತಗಳಲ್ಲಿ 'ಉ' ಧ್ವನಿಗೆ ಡಚ್ಚರ ರೋಮನ್ ಲಿಪಿಯ ಓ-ಇ (oe) ಜೋಡಿ ಇರುತ್ತದೆ; ಇಂಡೊನೇಷ್ಯನ್ನರು 1947ರಲ್ಲಿ ಅದನ್ನು ಯು ಅಕ್ಷರಕ್ಕೆ ಬದಲಿಸಿದರು. 1972ರಲ್ಲಿ ಟಿ-ಜೆ ಹೋಗಿ ಸಿ ಬಂತು, ಡಿ-ಜೆ ಹೋಗಿ ಜೆ ಬಂತು, ಒಂಟಿ ಜೆ ಇದ್ದಲ್ಲಿ ವೈ ಬಂತು. ಸುರಬಾಯ ಎಂಬ ಒಂದು ಹೆಸರನ್ನೇ ಮೂರು ರೀತಿ ಬರೆದು ಹುಡುಕಬೇಕು. ಊರಿನ ಹೆಸರೇ ಬದಲಾಗಿದ್ದರೆ ಇನ್ನೂ ಕಷ್ಟ. ರಾವಗೆಡೆ ಈಗ ಬಾಲೊಂಗ್ಸಾರಿ.

ಇನ್ನು ಪದಗಳು. 1947ರ ಜುಲೈ ಮತ್ತು 1948ರ ಡಿಸೆಂಬರ್‌ನ ದೊಡ್ಡ ದಾಳಿಗಳಿಗೆ ಡಚ್ಚರು ಇಟ್ಟ ಹೆಸರು 'ಪೊಲೀಸ್ ಕಾರ್ಯಾಚರಣೆ'. ಯುದ್ಧ ಎಂದರೆ ಎದುರಿಗಿರುವುದು ಒಂದು ದೇಶ ಎಂದು ಒಪ್ಪಿದಂತಾಗುತ್ತದಲ್ಲ! 1948ರಲ್ಲಿ ಹೈದರಾಬಾದ್ ಸಂಸ್ಥಾನದ ಮೇಲಿನ 'ಪೊಲೀಸ್ ಕಾರ್ಯಾಚರಣೆ' ಕಂಡ ಕಲಬುರಗಿ, ಬೀದರ್ ಕಡೆಯವರಿಗೆ ಈ ಮಾತಿನ ರುಚಿ ಬಿಡಿಸಿ ಹೇಳಬೇಕಾಗಿಲ್ಲ. 'ಓಡಿಹೋಗುವಾಗ ಗುಂಡಿಗೆ ಬಲಿ' ಎಂಬ ಸಾಲು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತೇನೆ; ಒಂದೇ ವಾರದಲ್ಲಿ ಅದು ಮತ್ತೆ ಮತ್ತೆ ಬಂದರೆ ಓಡಿದವರು ಯಾರೂ ಇರಲಿಕ್ಕಿಲ್ಲ. 1969ರ ಡಚ್ ಸರ್ಕಾರಿ ವರದಿ ಬಳಸಿದ ಪದ 'ಅತಿರೇಕ'. ಅಂದರೆ ಸೇನೆ ಒಟ್ಟಾರೆ ಸರಿಯಾಗಿತ್ತು, ಅಲ್ಲೊಂದು ಇಲ್ಲೊಂದು ತಪ್ಪಾಯಿತು ಎಂಬ ಅರ್ಥ. 2022ರಲ್ಲಿ ಮೂರು ಡಚ್ ಸಂಸ್ಥೆಗಳ ಸಂಶೋಧನೆ ಆ ವಾದವನ್ನು ತಳ್ಳಿಹಾಕಿ, ಅತಿ ಹಿಂಸೆ ವ್ಯವಸ್ಥೆಯಲ್ಲೇ ಹಾಸುಹೊಕ್ಕಾಗಿತ್ತು ಎಂದಿತು. ಆದ್ದರಿಂದ ಕನ್ನಡಕ್ಕೆ ತರುವಾಗ 'ಅತಿರೇಕ'ವನ್ನು ಉದ್ಧರಣ ಚಿಹ್ನೆಯ ಹೊರಗೆ ಬಿಡುವುದಿಲ್ಲ.

ಒಟ್ಟು ಸಾವಿನ ಅಂಕಿಗೂ ಇದೇ ಎಚ್ಚರ. ಡಚ್ ಸೇನೆಯ ವರದಿಗಳನ್ನೇ ಕೂಡಿದ ಸಂಶೋಧಕರಿಗೆ ಸಿಕ್ಕಿದ್ದು 97,421 ಇಂಡೊನೇಷ್ಯನ್ನರು. ಕೊನೆಯ 1ರವರೆಗೆ ಕರಾರುವಾಕ್ಕಾಗಿ ಕಂಡರೂ ಇದು ಸೇನೆ ತಾನೇ ಬರೆದುಕೊಂಡ ಸಾವುಗಳ ಮೊತ್ತ ಮಾತ್ರ. ಹೋರಾಟಗಾರ ಯಾರು, ಗದ್ದೆಯಲ್ಲಿದ್ದ ರೈತ ಯಾರು ಎಂಬುದು ಅದರಲ್ಲಿ ಬೇರ್ಪಡುವುದಿಲ್ಲ.

ಕಡತವೇ ಇಲ್ಲದಿದ್ದರೆ ಏನು ಮಾಡುವುದು? ಬ್ರಿಟಿಷರು ವಸಾಹತುಗಳನ್ನು ಬಿಡುವಾಗ ಮುಜುಗರ ತರುವ ಕಾಗದಗಳನ್ನು ಸುಟ್ಟರು, ಕೆಲವನ್ನು ಲಂಡನ್ನಿಗೆ ಸಾಗಿಸಿದರು. ಇಂಗ್ಲೆಂಡಿನ ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಸರ್ಕಾರಿ ನೆಲೆಯಲ್ಲಿ ಬಚ್ಚಿಟ್ಟಿದ್ದ ಕೀನ್ಯಾದ ಕಡತಗಳು ಬೆಳಕಿಗೆ ಬಂದದ್ದು 2011ರಲ್ಲಿ. ಇಂಥಲ್ಲಿ ಆಡಳಿತದ ಕಡತ ಬಿಟ್ಟು ವೈದ್ಯರ, ಕೋರ್ಟಿನ, ಸಂಸತ್ತಿನ ಕಾಗದಗಳಿಗೆ ಹೋಗಬೇಕು. 1959ರ ಮಾರ್ಚ್‌ನಲ್ಲಿ ಕೀನ್ಯಾದಲ್ಲಿ ಬ್ರಿಟಿಷರ ಹೋಲಾ ಬಂಧನ ಶಿಬಿರದಲ್ಲಿ 11 ಬಂಧಿತರು ಸತ್ತಾಗ, ಅವರು ನೀರಿನ ಗಾಡಿಯಿಂದ ನೀರು ಕುಡಿದ ಮೇಲೆ ಸತ್ತರು ಎಂದು ಸರ್ಕಾರಿ ಪ್ರಕಟಣೆ ಹೇಳಿತ್ತು. ಮೈಮೇಲಿನ ಹೊಡೆತದ ಗುರುತುಗಳನ್ನು ಬರೆದಿಟ್ಟದ್ದು ಮರಣೋತ್ತರ ಪರೀಕ್ಷೆ.