ಗೀರು ತುಂಬುವುದಿಲ್ಲ, ಸುತ್ತಲಿನ ಮೈ ಇಳಿಯಬೇಕು

ಇಳಕಲ್‌ನಲ್ಲಿ ಬೇಸಿಗೆಯ ಗಾಳಿ ಎದ್ದಿತೆಂದರೆ ಗಡಿಯಾರದ ಮುಚ್ಚಳ, ಫ್ರಿಜ್ಜಿನ ತಲೆ, ರೇಡಿಯೊ ಎಲ್ಲದರ ಮೇಲೂ ಧೂಳು. ಅದನ್ನು ಒಣ ಬಟ್ಟೆಯಿಂದ ಒರೆಸುತ್ತೇವೆ, ಪ್ಲಾಸ್ಟಿಕ್ ಮಂಕಾಗುತ್ತದೆ. ಧೂಳಿನಲ್ಲಿರುವ ಮರಳಿನ ಕಣ ಪ್ಲಾಸ್ಟಿಕ್ಕಿಗಿಂತ ಬಹಳ ಗಟ್ಟಿ. ಬಟ್ಟೆಯಡಿ ಸಿಕ್ಕರೆ ಗೆರೆ ಎಳೆಯದೆ ಬಿಡುವುದಿಲ್ಲ. ಆದ್ದರಿಂದ ಗೀರು ತೆಗೆಯಲು ಕೂರುವ ಮೊದಲು ವಸ್ತುವನ್ನು ಧಾರಾಳ ನೀರಿನಲ್ಲಿ, ಸೋಪು ಹಾಕಿ ತೊಳೆಯುತ್ತೇನೆ. ಗಡಿಯಾರದಂಥದ್ದಾದರೆ ಮುಚ್ಚಳವನ್ನು ಬಿಚ್ಚಿಕೊಂಡು ತೊಳೆಯಬೇಕು.

ಆಮೇಲೆ ಗೀರಿನ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ನೋಡುತ್ತೇನೆ. ಗೀರು ಮಾಯವಾದಂತೆ ಕಂಡರೆ ಅದು ಮೇಲುಮೇಲಿನದು, ಪಾಲಿಶ್‌ಗೆ ಬಗ್ಗುತ್ತದೆ. ಎಣ್ಣೆ ಹಚ್ಚಿಯೇ ಕೆಲಸ ಮುಗಿಯಿತು ಎನ್ನುವವರೂ ಇದ್ದಾರೆ. ಅವರ ಸಾಮಾನು ಎರಡು ದಿನ ಮಿಂಚುತ್ತದೆ, ನಂತರ ಊರಿನ ಧೂಳೆಲ್ಲ ಅಲ್ಲಿಗೇ ಬಂದು ಅಂಟುತ್ತದೆ.

ಗೀರು ತುಂಬಿಕೊಳ್ಳುವುದಿಲ್ಲ; ಅದರ ಸುತ್ತಲಿನ ಮೈ ಗೀರಿನ ತಳದವರೆಗೆ ಇಳಿಯಬೇಕು. ನಮ್ಮೂರಿನ ಗ್ರಾನೈಟ್ ಪಾಲಿಶ್ ಘಟಕಗಳಲ್ಲಿ ನೀರು ಬಿಡುತ್ತ, ಒರಟಿನಿಂದ ನಯದ ಕಡೆಗೆ ಕಲ್ಲನ್ನು ಉಜ್ಜುವುದೂ ಇದೇ ಲೆಕ್ಕ. ಉಗುರಿಗೆ ತಾಗದ ಗೀರಾದರೆ ಬಿಳಿ ಟೂತ್‌ಪೇಸ್ಟ್ ಸಾಕು. ಹಲ್ಲು ಉಜ್ಜಲೆಂದು ಅದರಲ್ಲಿ ಸೇರಿಸಿರುವ ಸಣ್ಣ ಪುಡಿಯೇ ಇಲ್ಲಿ ಕೆಲಸ ಮಾಡುವುದು. ಹರಳು ಹರಳಾಗಿರುವ ಪೇಸ್ಟ್ ಬೇಡ. ಹಳೆಯ ಹತ್ತಿ ಧೋತರದ ತುಂಡನ್ನು ಒದ್ದೆ ಮಾಡಿ, ಹಗುರ ಕೈಯಿಂದ ಸುತ್ತು ಸುತ್ತಾಗಿ ಉಜ್ಜಿ, ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಅಕ್ಷರ ಅಚ್ಚಾದ ಕಡೆ ಮೊದಲೇ ಟೇಪು ಅಂಟಿಸಿಕೊಳ್ಳಬೇಕು, ಪೇಸ್ಟ್ ಅಕ್ಷರಗಳನ್ನೂ ತಿನ್ನುತ್ತದೆ.

ಉಗುರು ಸಿಕ್ಕಿಕೊಳ್ಳುವ ಗೀರಿಗೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಬೇಕು. ನಂಬರು ಹೆಚ್ಚಿದಷ್ಟೂ ಅದು ನಯ. 1000 ನಂಬರಿನಿಂದ ಶುರು ಮಾಡಿ 1500, 2000ಕ್ಕೆ ಏರುತ್ತೇನೆ. ಪ್ರತಿ ಸಲ ಸೋಪಿನ ನೀರು, ಪ್ರತಿ ಸಲ ಹಿಂದಿನದಕ್ಕೆ ಅಡ್ಡ ದಿಕ್ಕು. ಹಿಂದಿನ ಪೇಪರಿನ ಗೆರೆಗಳು ಪೂರ್ತಿ ಹೋಗುವವರೆಗೆ ಮುಂದಿನದನ್ನು ಮುಟ್ಟುವುದಿಲ್ಲ. ಇಲ್ಲಿ ಆತುರಪಟ್ಟರೆ ಕೊನೆಗೆ ಎಷ್ಟು ಉಜ್ಜಿದರೂ ಆ ಗೆರೆಗಳು ಉಳಿದುಬಿಡುತ್ತವೆ. ಈ ಹಂತದಲ್ಲಿ ಮುಚ್ಚಳ ಹಾಲಿನಂತೆ ಬೆಳ್ಳಗಾಗುತ್ತದೆ. ನೋಡಿದವರು ಹಾಳಾಯಿತೆಂದು ಬೈಯಬಹುದು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಪಾರದರ್ಶಕತೆ ಮರಳುತ್ತದೆ. ಡ್ರಿಲ್ಲಿಗೆ ಬಟ್ಟೆಚಕ್ರ ಸಿಕ್ಕಿಸಿ ಕೆಲಸ ಬೇಗ ಮುಗಿಸುವ ಆಸೆ ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗಿ ಎಳೆದುಕೊಳ್ಳುತ್ತದೆ.

ಇದೆಲ್ಲ ಒಲಿಯುವುದು ಗಡಿಯಾರದ ಮುಚ್ಚಳ, ಹಳೆಯ ರೇಡಿಯೊದ ಮುಖದ ಪಟ್ಟಿಯಂಥ ಗಟ್ಟಿ, ನುಣುಪಾದ ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ. ಬಕೆಟ್ಟು, ಡಬ್ಬಿಗಳ ಪ್ಲಾಸ್ಟಿಕ್ ಮೇಣದಂತೆ ಮೆತ್ತಗೆ; ಉಜ್ಜಿದರೆ ನೂಲು ಏಳುತ್ತದೆ, ಹೊಳಪು ಬರುವುದಿಲ್ಲ. ಅವುಗಳ ಗೀರನ್ನು ಹಾಗೆಯೇ ಬಿಟ್ಟಿದ್ದೇನೆ. ಮಿಕ್ಸರ್‌ನ ಮೈಯಲ್ಲಿರುವ ತರಿತರಿ ವಿನ್ಯಾಸವನ್ನು ಉಜ್ಜಿದರೆ ಗೀರಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುವ ಹೊಳೆಯುವ ಕಲೆ ಉಳಿಯುತ್ತದೆ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣವನ್ನಂತೂ ಹತ್ತಿರ ತರಬಾರದು, ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ.

ನೆರೆಯವರು ಕನ್ನಡಕವನ್ನೂ ಹಿಡಿದು ಬರುತ್ತಾರೆ. ಅದನ್ನು ಮಾತ್ರ ನಾನು ಮುಟ್ಟುವುದಿಲ್ಲ. ಗಾಜಿನ ಮೇಲಿನ ತೆಳು ಲೇಪ ಪೇಸ್ಟಿಗೆ ತೇಪೆ ತೇಪೆಯಾಗಿ ಕಿತ್ತುಹೋಗುತ್ತದೆ, ಮತ್ತೆ ಹಾಕಲು ಮನೆಯಲ್ಲಿ ದಾರಿಯಿಲ್ಲ.