ಹಳೇ ಫಿಸಿಕ್ಸ್ ಜರ್ನಲ್‌ಗಳನ್ನು ಕಾಯಂ ಆಗಿ ಕೊಳ್ಳುವುದು ಹೇಗೆ?

ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅಷ್ಟು ಹೊಸ ಸಂಸ್ಥೆಗೆ ನೂರು ವರ್ಷದ ಬೈಂಡ್ ಸಂಪುಟಗಳು ಎಲ್ಲಿಂದ ಬರಬೇಕು? ಆದರೆ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸೆನ್ ಸೇರಿ ಕ್ವಾಂಟಮ್ ಮೆಕ್ಯಾನಿಕ್ಸ್ ಮೇಲೆ ತಕರಾರು ಎತ್ತಿದ್ದು 1935ರ ‘ಫಿಸಿಕಲ್ ರಿವ್ಯೂ’ನಲ್ಲಿ. ಕರೆಂಟು ತಡೆಯೇ ಇಲ್ಲದೆ ಹರಿಯುವ ಸೂಪರ್‌ಕಂಡಕ್ಟಿವಿಟಿಯ ಗುಟ್ಟು ಬಿಡಿಸಿದ ಲೇಖನ ಬಂದದ್ದು 1957ರಲ್ಲಿ, ಅದೇ ಜರ್ನಲ್‌ನಲ್ಲಿ. ಎಂ.ಎಸ್ಸಿ. ಹುಡುಗರಿಗೆ ಇವು ಇವತ್ತಿಗೂ ಬೇಕು.

ಹೊಸ ಸಂಚಿಕೆಗಳ ಚಿಂತೆ ಈಗ ಸ್ವಲ್ಪ ಕಡಿಮೆ. ಸರ್ಕಾರಿ ವಿದ್ಯಾಸಂಸ್ಥೆಗಳ ಪರವಾಗಿ ಕೇಂದ್ರವೇ ಜರ್ನಲ್ ಚಂದಾ ಕಟ್ಟುವ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಆದರೆ ಹೆಸರೇ ಹೇಳುವಂತೆ ಅದು ಚಂದಾ. ಹಳೆಯ ಸಂಪುಟಗಳ ಡಿಜಿಟಲ್ ಭಂಡಾರವನ್ನು ಒಂದೇ ಸಲ ಹಣ ಕೊಟ್ಟು ಕೊಳ್ಳುವುದು ಬೇರೆಯದೇ ವ್ಯವಹಾರ.

ಮೊದಲು ಪುಕ್ಕಟೆ ಸಿಗುವುದನ್ನು ಕಳೆಯಿರಿ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1934ರಿಂದ ಪ್ರಕಟಿಸಿದ ‘ಪ್ರೊಸೀಡಿಂಗ್ಸ್’ ಮತ್ತು 1973ರಲ್ಲಿ ಶುರುವಾದ ‘ಪ್ರಮಾಣ’ ಅಕಾಡೆಮಿಯ ತಾಣದಲ್ಲೇ ಉಚಿತ. ‘ಆಸ್ಟ್ರೋಫಿಸಿಕಲ್ ಜರ್ನಲ್’ನ ಹಳೆಯ ಪುಟಗಳ ಸ್ಕ್ಯಾನ್ ನಾಸಾದ ದತ್ತಸಂಗ್ರಹದಲ್ಲಿವೆ. 1798ರಲ್ಲಿ ಹುಟ್ಟಿದ ‘ಫಿಲಾಸಾಫಿಕಲ್ ಮ್ಯಾಗಜಿನ್’ನ ಬಹಳಷ್ಟು ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಚಂದಾ ಯೋಜನೆಯಲ್ಲಿ ಯಾವ ಜರ್ನಲ್ ಎಷ್ಟು ಹಿಂದಿನವರೆಗೆ ತೆರೆಯುತ್ತದೆ ಎಂದೂ ನೋಡಿ. ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಒಂದು ವಾರ ಕೂರಿಸಿದರೆ ಈ ಪಟ್ಟಿ ಆಗುತ್ತದೆ. ಇದನ್ನು ಮಾಡದೆ ಏಜೆಂಟರ ಕೊಟೇಶನ್ ಬಿಚ್ಚಲೇಬೇಡಿ.

ಆಮೇಲೆ ಆಯ್ಕೆ. ಸತ್ಯೇಂದ್ರನಾಥ ಬೋಸರ 1924ರ ಪ್ರಸಿದ್ಧ ಲೇಖನ ಇರುವುದು ‘ಝೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್’ ಎಂಬ ಜರ್ಮನ್ ಜರ್ನಲ್‌ನಲ್ಲಿ. ಬೋಸರು ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಜರ್ಮನ್‌ಗೆ ತಿರುಗಿಸಿದ್ದು ಸ್ವತಃ ಐನ್‌ಸ್ಟೈನ್. ಕೇಳಲು ರೋಮಾಂಚನ. ಆದರೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿ.ವಿ.ಯ ಮುಖ್ಯ ಕ್ಯಾಂಪಸ್‌ನಲ್ಲಿ, ಜರ್ಮನ್ ಓದುವವರು ಎಷ್ಟು ಜನ ಸಿಕ್ಕಾರು? ದುಡ್ಡು ಕಮ್ಮಿ ಇದ್ದರೆ ನನ್ನ ಓಟು 1893ರಿಂದ ಬರುತ್ತಿರುವ ‘ಫಿಸಿಕಲ್ ರಿವ್ಯೂ’ಗೆ.

ಹೆಸರಿನ ಪಟ್ಟಿಯಲ್ಲಿ ಒಂದು ತೊಡಕಿದೆ. ಜರ್ನಲ್‌ಗಳು ಒಡೆಯುತ್ತವೆ, ಹೆಸರು ಬದಲಿಸುತ್ತವೆ. ‘ಫಿಸಿಕಲ್ ರಿವ್ಯೂ’ 1970ರಲ್ಲಿ ಎ, ಬಿ, ಸಿ, ಡಿ ಎಂದು ಒಡೆಯಿತು. ಲಂಡನ್ನಿನ ಫಿಸಿಕಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್’ 1968ರಲ್ಲಿ ‘ಜರ್ನಲ್ ಆಫ್ ಫಿಸಿಕ್ಸ್’ ಆಯಿತು. ಈಗಿನ ಹೆಸರನ್ನಷ್ಟೇ ಬರೆಸಿಕೊಂಡರೆ ಬೇಕಾಗಿದ್ದ ಹಳೇ ಭಾಗವೇ ಕೈತಪ್ಪಬಹುದು. ಪ್ರತಿ ಹೆಸರಿನ ಮುಂದೆ ಮೊದಲ ಮತ್ತು ಕೊನೆಯ ಸಂಪುಟ, ವರ್ಷ ಬರೆಸಿ. ಆ ಪಟ್ಟಿ ಕರಾರಿಗೆ ಅಂಟಿಕೊಂಡೇ ಇರಲಿ.

ಕರಾರು ಓದುವುದೇ ನಿಜವಾದ ಕೆಲಸ

ಮಾರುವವರು ‘ಲೈಫ್‌ಟೈಮ್ ಸರ್’ ಅನ್ನುತ್ತಾರೆ. ಯಾರ ಲೈಫು? ಕಾಗದದಲ್ಲಿ ‘ಪರ್ಪೆಚುಯಲ್’, ಅಂದರೆ ಶಾಶ್ವತ, ಎಂಬ ಮಾತಿಲ್ಲದಿದ್ದರೆ, ಭೋಗ್ಯದ ಪತ್ರವನ್ನೇ ಕ್ರಯಪತ್ರ ಅಂದುಕೊಂಡು ಬೀರುವಿನಲ್ಲಿ ಇಟ್ಟ ಹಾಗಾಗುತ್ತದೆ.

ಮುಂದಿನ ಪ್ರಶ್ನೆ ವಾರ್ಷಿಕ ಶುಲ್ಕದ್ದು. ಒಂದೇ ಸಲದ ಬೆಲೆ ಕೊಟ್ಟ ಮೇಲೂ, ಸರ್ವರ್ ನಡೆಸುವ ಖರ್ಚೆಂದು ವರ್ಷಾ ವರ್ಷ ಸ್ವಲ್ಪ ಹಣ ಕೇಳುವ ಪ್ರಕಾಶಕರಿದ್ದಾರೆ. ಹೊಸ ಸಂಚಿಕೆಗೆ ಚಂದಾ ಇರುವವರೆಗೆ ಅದು ಮಾಫಿ, ಚಂದಾ ನಿಂತರೆ ಬಿಲ್ಲು ಶುರು. ಈಗ ಚಂದಾ ಕಟ್ಟುವುದು ಕೇಂದ್ರ ಸರ್ಕಾರ. ಹಾಗಿದ್ದಾಗ ನಿಮ್ಮನ್ನು ಚಂದಾದಾರರ ಲೆಕ್ಕಕ್ಕೆ ಹಿಡಿಯುತ್ತಾರಾ, ಇಲ್ಲವಾ? ಬಾಯಿಮಾತು ಬೇಡ, ಬರೆದು ಕೊಡಲಿ. ಆ ಶುಲ್ಕ ಕಟ್ಟದಿದ್ದರೆ ಫೈಲುಗಳನ್ನು ನಿಮ್ಮ ಡಿಸ್ಕಿಗೆ ಇಳಿಸಿ ಕೊಡುವ ಷರತ್ತೂ ಇರಬೇಕು. ಅದಿಲ್ಲದ ಕಾಯಂ ಹಕ್ಕು ಸುಮ್ನೆ ಹೆಸರಿಗೆ ಅಷ್ಟೇ.

ಪ್ರಕಾಶಕರೇ ಬಾಗಿಲು ಹಾಕಿದರೆ, ಇಲ್ಲಾ ಜರ್ನಲ್ಲೇ ನಿಂತರೆ? ‘ಝೈಟ್‌ಶ್ರಿಫ್ಟ್’ 1997ರಲ್ಲಿ ನಿಂತೇ ಹೋಯಿತು, ಅದರ ಜಾಗಕ್ಕೆ ‘ಯುರೋಪಿಯನ್ ಫಿಸಿಕಲ್ ಜರ್ನಲ್’ ಬಂತು. ಹಕ್ಕು ಬೇರೆಯವರ ಕೈ ಸೇರಿದರೂ ನಿಮ್ಮ ಓದು ನಿಲ್ಲಬಾರದು ಎಂಬ ಸಾಲು ಸೇರಿಸಿ. ಡಿಜಿಟಲ್ ಜರ್ನಲ್‌ಗಳ ಪ್ರತಿಯನ್ನು ಮುಂದಿನ ಕಾಲಕ್ಕೆ ಕಾಪಾಡಿಡುವ ಲಾಕ್ಸ್, ಪೋರ್ಟಿಕೊದಂಥ ವ್ಯವಸ್ಥೆಗಳಲ್ಲಿ ಪ್ರತಿ ಇಟ್ಟಿದ್ದಾರಾ ಎಂದೂ ಕೇಳಿ.

ಓದುವವರು ಯಾರು ಎಂಬುದನ್ನೂ ಬಿಡಿಸಿ ಬರೆಸಿ. ‘ಕ್ಯಾಂಪಸ್’ ಎಂದಷ್ಟೇ ಇದ್ದರೆ ತೋಳಹುಣಸೆಗೆ ಸಿಕ್ಕಿ, ಚಿತ್ರದುರ್ಗದ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರಕ್ಕೆ ಸಿಗದೇ ಹೋಗಬಹುದು. ಎರಡೂ ಜಿಲ್ಲೆಯ ಸಂಯೋಜಿತ ಕಾಲೇಜುಗಳನ್ನು ಸೇರಿಸಿದರೆ ಬೆಲೆ ಜಾಸ್ತಿಯಾಗುತ್ತದೆ. ಚೌಕಾಸಿಗೆ ಅಲ್ಲಿ ಜಾಗವಿದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಖರೀದಿಗೆ ಟೆಂಡರ್ ಕೇಳುವ 1999ರ ಕರ್ನಾಟಕ ಪಾರದರ್ಶಕತಾ ಕಾಯ್ದೆ ಇಲ್ಲಿಗೂ ಅನ್ವಯ. ಸರಕು ಒಬ್ಬರ ಬಳಿ ಮಾತ್ರ ಇದ್ದರೆ ಪ್ರಕಾಶಕರಿಂದ ಅದರ ಪ್ರಮಾಣಪತ್ರ ತರಿಸಿ ಕಡತದಲ್ಲಿಡಿ. ಬೆಲೆ ಡಾಲರ್‌ನಲ್ಲಿದ್ದರೆ ಯಾವ ದಿನದ ದರ ಎಂದು ಬರೆಸಿ. ಕೆಲಸವನ್ನು ದಸರಾ ಹೊತ್ತಿಗೇ ಶುರು ಮಾಡಿ. ಅನುದಾನ ವಾಪಸ್ ಹೋಗುತ್ತದೆ ಎಂದು ಮಾರ್ಚ್ ಕೊನೆಯಲ್ಲಿ ಹಾಕುವ ಸಹಿಗೆ ಕರಾರು ಓದುವ ಪುರುಸೊತ್ತು ಇರುವುದಿಲ್ಲ, ಅಲ್ವಾ?

ಬಿಲ್ ಪಾಸಾಗುವ ಮೊದಲು ಪರೀಕ್ಷಿಸಿ. ಮೊದಲ ಸಂಪುಟ, ನಡುವಿನದೊಂದು, ಕೊನೆಯದೊಂದು ತೆರೆಯಿರಿ. ಸಮೀಕರಣ ಓದಲು ಬರುತ್ತಾ, ಫೋಟೊ ಪುಟಗಳು ಕಪ್ಪಗಾಗಿಲ್ಲವಾ ನೋಡಿ. ಹಾಸ್ಟೆಲ್‌ನಿಂದ ಮೊಬೈಲಲ್ಲೂ ತೆರೆದು ನೋಡಿ. ಆಮೇಲೆ ಲೈಬ್ರರಿ ಕ್ಯಾಟಲಾಗ್‌ಗೆ ಸೇರಿಸಿ. ಅಲ್ಲಿ ಕಾಣದಿದ್ದರೆ ಹುಡುಗರು ಅತ್ತ ಸುಳಿಯುವುದೂ ಇಲ್ಲ.

ಪ್ರಕಾಶಕರ ಬಳಿ ದಾಖಲಿಸುವ ಇಮೇಲ್ ಲೈಬ್ರರಿಯದ್ದಾಗಿರಲಿ, ಗ್ರಂಥಪಾಲಕರ ಸ್ವಂತದ್ದು ಬೇಡ. ಕ್ಯಾಂಪಸ್‌ನ ಇಂಟರ್ನೆಟ್ ಕಂಪನಿ ಬದಲಾದ ದಿನವೇ ಹೊಸ ಐಪಿ ವಿಳಾಸಗಳನ್ನು, ಅಂದರೆ ನಿಮ್ಮ ಕ್ಯಾಂಪಸ್ ಎಂದು ಗುರುತು ಹಿಡಿಯುವ ಇಂಟರ್ನೆಟ್ ನಂಬರುಗಳನ್ನು, ಪ್ರಕಾಶಕರಿಗೆ ಕಳಿಸಿ. ಇಲ್ಲದಿದ್ದರೆ ಹಣ ಕೊಟ್ಟ ಪುಟವೇ ಮತ್ತೆ ಹಣ ಕೇಳುತ್ತದೆ.